ದೂರದವರಿಗೆ ಸಡಿಲ, ಹತ್ತಿರದವರಿಗೆ ಬಿಗಿ

ಕಲಬುರಗಿ, ಬೀದರ್ ಕಡೆ ಕ್ರೈಸ್ತರೆಂದರೆ ಹೆಚ್ಚಿನವರಿಗೆ ನೆನಪಾಗುವುದು ಮೆಥಡಿಸ್ಟ್ ಚರ್ಚ್. ಕ್ಯಾಥೊಲಿಕರು ಇಲ್ಲಿ ಕಡಿಮೆ. ಅವರಿಗೆ ಕಲಬುರಗಿ ಹೆಸರಿನ ಸ್ವಂತ ಧರ್ಮಪ್ರಾಂತ್ಯ ಸಿಕ್ಕಿದ್ದೇ 2005ರಲ್ಲಿ. ಅಲ್ಲಿಯವರೆಗೆ ಈ ಭಾಗದ ಕೆಲವು ಊರುಗಳು ಹೈದರಾಬಾದಿನ ಧರ್ಮಾಧ್ಯಕ್ಷರಿಗೆ, ಕೆಲವು ಬೆಳಗಾವಿಯವರಿಗೆ ಸೇರಿದ್ದವು. ಮದುವೆ ಮಾತು ಬಂದಾಗ ‘ಯಾವ ಚರ್ಚಿನವರು?’ ಎಂದರೆ ಮೆಥಡಿಸ್ಟ್, ಕ್ಯಾಥೊಲಿಕ್, ಪೆಂಟೆಕೋಸ್ಟ್ ಎಂದು ಏನೋ ಒಂದು ಉತ್ತರ ಬರುತ್ತದೆ, ಮುಂದೇನು ಮಾಡಬೇಕೆಂಬುದು ಹಿರಿಯರಿಗೆ ಗೊತ್ತಿರುತ್ತದೆ. ಅವರನ್ನು ತಬ್ಬಿಬ್ಬು ಮಾಡುವ ಉತ್ತರ ಬೇರೆಯೇ ಇದೆ: ‘ಕ್ಯಾಥೊಲಿಕ್ಕೇ, ಆದರೆ ನಿಮ್ಮ ಚರ್ಚಿಗೆ ಬರುವುದಿಲ್ಲ.’

ಕಲಬುರಗಿಯ ಜಗತ್ ಕಡೆಯ ಕ್ಯಾಥೊಲಿಕ್ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ತಿರುನೆಲ್ವೇಲಿ ಕಡೆಯ ಹುಡುಗಿಯೊಬ್ಬಳನ್ನು ಮೆಚ್ಚಿದ ಎಂದಿಟ್ಟುಕೊಳ್ಳಿ. ಹುಡುಗಿ ದಿನಾ ಜಪಸರ ಹಿಡಿಯುತ್ತಾಳೆ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಧರ್ಮೋಪದೇಶ ಇವನಿಗಿಂತ ಚೆನ್ನಾಗಿ ಬಲ್ಲಳು. ಭಾನುವಾರ ಮಾತ್ರ ಇವನ ಜೊತೆ ಪೂಜೆಗೆ ಬರಲೊಲ್ಲಳು. ತಲೆಗೆ ಜಾಲರಿ ವೇಲ್ ಹಾಕಿಕೊಂಡು, ಪಾದ್ರಿಗಳು ಪೀಠದ ಕಡೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಅರ್ಪಿಸುವ ಪೂಜೆಗೇ ಹೋಗಬೇಕು ಅವಳಿಗೆ. ಹುಡುಗನ ಅಜ್ಜಿ ಕಮಲಾಪುರದಿಂದ ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಅವ್ರು ನಮ್ಮ ಮಂದಿನೇ ಹೌದಲ್ಲೋ?’

ಈ ಪ್ರಶ್ನೆಗೆ ರೋಮ್ ಕೂಡ ಐವತ್ತು ವರ್ಷದಿಂದ ಒಂದೇ ಮಾತಿನ ಉತ್ತರ ಕೊಟ್ಟಿಲ್ಲ.

ಹುಡುಗಿಯ ಮನೆಯವರು ಹೋಗುವುದು ಸಂತ ಹತ್ತನೇ ಪಯಸ್ ಸೊಸೈಟಿಯ ಪೂಜೆಗೆ. ಎಸ್‌ಎಸ್‌ಪಿಎಕ್ಸ್ ಎಂದೇ ಅದು ಬಳಕೆಯಲ್ಲಿದೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಚರ್ಚಿನ ಎಷ್ಟೋ ನಡಾವಳಿಗಳನ್ನು ಬದಲಿಸಿತು. ಅದರ ಹಿಂದೆಯೇ 1969ರಲ್ಲಿ ಹೊಸ ಪೂಜಾವಿಧಿ ಬಂತು, ಲ್ಯಾಟಿನ್ ಹಿಂದೆ ಸರಿದು ಊರೂರಿನ ಭಾಷೆ ಪೀಠ ಹತ್ತಿತು. ಇದನ್ನು ಒಪ್ಪದ ಫ್ರೆಂಚ್ ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆಬ್ರ್ 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ಸೊಸೈಟಿ ಕಟ್ಟಿದರು. ಕಟ್ಟಿದಾಗ ಸ್ಥಳೀಯ ಧರ್ಮಾಧ್ಯಕ್ಷರ ಒಪ್ಪಿಗೆ ಇತ್ತು. 1975ರಲ್ಲಿ ಅದನ್ನು ಹಿಂತೆಗೆದುಕೊಂಡರು. ಮರುವರ್ಷ ಲೆಫೆಬ್ರ್ ಅಮಾನತಾದರು. 1988ರ ಜೂನ್ 30ರಂದು ಅವರು ಪೋಪರ ಅಪ್ಪಣೆ ಇಲ್ಲದೆ ನಾಲ್ವರು ಪಾದ್ರಿಗಳಿಗೆ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟರು, ಬಹಿಷ್ಕಾರ ಬಿತ್ತು. ಆ ನಾಲ್ವರ ಬಹಿಷ್ಕಾರವನ್ನು ಹದಿನಾರನೇ ಬೆನೆಡಿಕ್ಟ್ 2009ರ ಜನವರಿಯಲ್ಲಿ ತೆಗೆದುಹಾಕಿದರು. ತೆಗೆದವರೇ ಎರಡು ತಿಂಗಳೊಳಗೆ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಈ ಸೊಸೈಟಿಯ ಪಾದ್ರಿಗಳ ಸೇವೆ ಚರ್ಚಿನೊಳಗೆ ಅಧಿಕೃತವಲ್ಲ ಎಂದೂ ಹೇಳಿದರು. ಭಾರತದಲ್ಲಿ ಸೊಸೈಟಿಯ ಮಠವೊಂದು ತಮಿಳುನಾಡಿನ ಪಾಳಯಂಕೋಟೈಯಲ್ಲಿದೆ.

ಲ್ಯಾಟಿನ್ ಎಂದ ಕೂಡಲೇ ಇವರೇ ಎಂದುಕೊಳ್ಳಬಾರದು. ಹಳೆಯ ವಿಧಿಯನ್ನೇ ನಡೆಸಿಕೊಂಡು ರೋಮಿನ ಜೊತೆಗೇ ಉಳಿದವರಿದ್ದಾರೆ. 1988ರಲ್ಲಿ ಲೆಫೆಬ್ರ್ ಅವರನ್ನು ಬಿಟ್ಟು ಬಂದ ಪಾದ್ರಿಗಳೇ ಕಟ್ಟಿದ ಸಂತ ಪೇತ್ರರ ಸಂಘ ಅಂಥದ್ದು. ಇತ್ತ ಎಸ್‌ಎಸ್‌ಪಿಎಕ್ಸೇ ಮೆತ್ತಗಾಯಿತು ಎಂದು ಮುನಿಸಿಕೊಂಡು ಹೊರಬಿದ್ದವರೂ ಇದ್ದಾರೆ. ಈಗ ಪೋಪರೇ ಇಲ್ಲ, ಆ ಗಾದಿ ಖಾಲಿ ಇದೆ ಎನ್ನುವವರು ಇನ್ನೂ ಆಚೆಗೆ ಇದ್ದಾರೆ. ಆದ್ದರಿಂದ ಪ್ರೀತಿಗೆ ಬಿದ್ದವನು ಮೊದಲು ಕೇಳಬೇಕಾದದ್ದು ಯಾವ ಭಾಷೆಯ ಪೂಜೆ ಎಂದಲ್ಲ, ಪೂಜೆ ಮಾಡುವ ಪಾದ್ರಿಗಳು ಯಾರ ಕೈಕೆಳಗಿನವರು ಎಂದು. ಮುಂದಿನ ಕಾಗದಪತ್ರವೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಚರ್ಚಿನ ಕಾನೂನು ಎರಡು ಮಾತನ್ನು ಬೇರೆ ಬೇರೆ ಇಡುತ್ತದೆ. ಒಂದು ಸಂಸ್ಕಾರ ಸಿಂಧುವೇ ಎಂಬುದು, ಇನ್ನೊಂದು ಅದಕ್ಕೆ ಅಪ್ಪಣೆ ಇತ್ತೇ ಎಂಬುದು. ಎಸ್‌ಎಸ್‌ಪಿಎಕ್ಸ್ ಪಾದ್ರಿಗಳಿಗೆ ದೀಕ್ಷೆ ಕೊಟ್ಟವರು ನಿಜವಾದ ಧರ್ಮಾಧ್ಯಕ್ಷರೇ, ಹಾಗಾಗಿ ಅವರು ಅರ್ಪಿಸುವ ಬಲಿಪೂಜೆ ಸಿಂಧು. ಅಪ್ಪಣೆ ಮಾತ್ರ ಇಲ್ಲ. ಅವರ ಪೂಜೆಗೆ ಕೂತರೆ ಭಾನುವಾರದ ಕರ್ತವ್ಯ ಮುಗಿಯುತ್ತದೆಯೇ ಎಂದು ಒಬ್ಬರು ಕೇಳಿದಾಗ, ವ್ಯಾಟಿಕನ್ನಿನ ಆಯೋಗ 2003ರಲ್ಲಿ ಕೊಟ್ಟ ಉತ್ತರ ಗುಮಾಸ್ತರ ಉತ್ತರದಂತೆಯೇ ಇತ್ತು. ಕಟ್ಟುನಿಟ್ಟಾಗಿ ನೋಡಿದರೆ ಮುಗಿಯುತ್ತದೆ, ಆದರೆ ಹೋಗಿರೆಂದು ನಾವು ಹೇಳುವುದಿಲ್ಲ! ಕಮಲಾಪುರದ ಅಜ್ಜಿ ಮೊಮ್ಮಗನ ಮದುವೆಯಲ್ಲಿ ಆ ಪೂಜೆಗೆ ಕೂರಬೇಕಾಗಿ ಬಂದರೆ ಇಷ್ಟು ಸಮಾಧಾನ ಸಾಕು.

ಪಾಪನಿವೇದನೆ ಮತ್ತು ಮದುವೆ ಹಾಗಲ್ಲ. ಈ ಎರಡಕ್ಕೂ ದೀಕ್ಷೆಯೊಂದೇ ಸಾಲದು, ಅಧಿಕಾರವೂ ಬೇಕು. ಕ್ಯಾಥೊಲಿಕ್ ತಿಳಿವಳಿಕೆಯಲ್ಲಿ ಮದುವೆ ಮಾಡಿಸುವವರು ಪಾದ್ರಿಗಳಲ್ಲ. ಗಂಡುಹೆಣ್ಣು ತಾವೇ ಒಬ್ಬರಿಗೊಬ್ಬರು ಮಾತು ಕೊಟ್ಟು ಮದುವೆಯಾಗುತ್ತಾರೆ, ಪಾದ್ರಿಗಳು ಚರ್ಚಿನ ಪರವಾಗಿ ಆ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಹಿಂದೆ ಯುರೋಪಿನಲ್ಲಿ ಕದ್ದು ಮದುವೆಯಾಗಿ, ಆಮೇಲೆ ಆಗೇ ಇಲ್ಲ ಎಂದು ಕೈ ತೊಳೆದುಕೊಳ್ಳುವ ಗಂಡಸರ ಕಾಟ ಹೆಚ್ಚಾಗಿತ್ತು. ಅದಕ್ಕೆ 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟಳೆ ತಂದು, ಧರ್ಮಕೇಂದ್ರದ ಗುರುಗಳೋ ಅವರ ಅಪ್ಪಣೆ ಪಡೆದವರೋ ಮತ್ತು ಇಬ್ಬರು ಸಾಕ್ಷಿಗಳು ಇಲ್ಲದೆ ಆದ ಮದುವೆ ಮದುವೆಯೇ ಅಲ್ಲ ಎಂದಿತು. ಇಂದಿನ ಧರ್ಮಸಂಹಿತೆಯ 1108ನೇ ನಿಯಮ ಅದರದೇ ಮುಂದುವರಿಕೆ. ಹೆಣ್ಣುಮಕ್ಕಳ ರಕ್ಷಣೆಗೂ ಒದಗಿದ ಆ ಕಟ್ಟಳೆಯೇ ಎಸ್‌ಎಸ್‌ಪಿಎಕ್ಸ್ ಮದುವೆಗಳ ಕುತ್ತಿಗೆಗೆ ಬಿತ್ತು. ಧರ್ಮಾಧ್ಯಕ್ಷರ ಅಪ್ಪಣೆಯಿಲ್ಲದ ಪಾದ್ರಿಗಳ ಮುಂದೆ ಆದ ಮದುವೆಗಳು ವಿಧಿದೋಷದಿಂದ ಅಸಿಂಧು ಎಂದೇ ಧರ್ಮಪ್ರಾಂತ್ಯಗಳ ನ್ಯಾಯಮಂಡಳಿಗಳು ನೋಡುತ್ತಾ ಬಂದವು. ಸೊಸೈಟಿಯವರು ಇದನ್ನು ಒಪ್ಪುವುದಿಲ್ಲ. ಚರ್ಚು ಸಂಕಟದಲ್ಲಿದೆ, ಇಂಥ ಹೊತ್ತಿನಲ್ಲಿ ಕೊರತೆಯಾದ ಅಧಿಕಾರವನ್ನು ಚರ್ಚಿನ ಕಾನೂನೇ ತುಂಬಿಕೊಡುತ್ತದೆ ಎಂಬುದು ಅವರ ವಾದ. 144 ಮತ್ತು 1116ನೇ ನಿಯಮಗಳನ್ನು ಅವರು ಇದಕ್ಕೆ ಮುಂದಿಡುತ್ತಾರೆ.

ಮಣಿದವರು ಪೋಪ್ ಫ್ರಾನ್ಸಿಸ್. 2015–16ರ ಕರುಣೆಯ ಜ್ಯುಬಿಲಿ ವರ್ಷಕ್ಕೆಂದು ಈ ಪಾದ್ರಿಗಳಿಗೆ ಪಾಪನಿವೇದನೆ ಕೇಳುವ ಅಧಿಕಾರ ಕೊಟ್ಟರು, ವರ್ಷ ಮುಗಿದ ಮೇಲೂ ಹಿಂದೆ ತೆಗೆದುಕೊಳ್ಳಲಿಲ್ಲ. 2017ರ ಮಾರ್ಚ್ 27ರ ಪತ್ರ ಮದುವೆಯದ್ದು. ಸೊಸೈಟಿಯ ಜೋಡಿ ಮದುವೆಯಾಗುವಾಗ ಸ್ಥಳೀಯ ಧರ್ಮಾಧ್ಯಕ್ಷರು ತಮ್ಮ ಧರ್ಮಪ್ರಾಂತ್ಯದ ಒಬ್ಬ ಗುರುಗಳನ್ನು ಕಳಿಸಬೇಕು, ಗಂಡುಹೆಣ್ಣಿನ ಮಾತನ್ನು ಅವರು ಕೇಳಿಸಿಕೊಳ್ಳಬೇಕು, ಆಮೇಲಿನ ಪೂಜೆಯನ್ನು ಸೊಸೈಟಿಯ ಪಾದ್ರಿಗಳು ಹಳೆಯ ವಿಧಿಯಲ್ಲಿ ನಡೆಸಬಹುದು. ಅದು ಆಗದಿದ್ದರೆ ಧರ್ಮಾಧ್ಯಕ್ಷರು ಸೊಸೈಟಿಯ ಪಾದ್ರಿಗಳಿಗೇ ನೇರ ಅಪ್ಪಣೆ ಕೊಡಬಹುದು. ಮದುವೆ ಸಿಂಧುವೋ ಅಲ್ಲವೋ ಎಂಬ ಅಳುಕು ಜನರ ಮನಸ್ಸಿನಲ್ಲಿ ಉಳಿಯಬಾರದೆಂಬುದೇ ಪತ್ರದ ಕಾರಣ. ಇಷ್ಟು ಚೊಕ್ಕ ದಾರಿ ಇದ್ದಮೇಲೂ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ. ಯಾರಾದರೂ ಹೋಗಿ ಕೇಳಬೇಕು, ಧರ್ಮಾಧ್ಯಕ್ಷರು ಬರೆದು ಕೊಡಬೇಕು. ಸೊಸೈಟಿಯನ್ನು ಬಿಟ್ಟು ಆಚೆಗೆ ಹೋದ ಗುಂಪುಗಳಿಗಂತೂ ಈ ಪತ್ರ ಅನ್ವಯಿಸುವುದೇ ಇಲ್ಲ.

ಇಂಥ ನಡುಮನೆಯ ಬಿರುಕು ಕರ್ನಾಟಕಕ್ಕೆ ಹೊಸದಲ್ಲ. ಅದನ್ನು ನೋಡಬೇಕಾದರೆ ಉಡುಪಿ ಜಿಲ್ಲೆಗೆ ಹೋಗಬೇಕು.

ಉಡುಪಿಯಿಂದ ಕುಂದಾಪುರದ ಕಡೆ ಹೆದ್ದಾರಿಯಲ್ಲಿ ಹೊರಟರೆ ಸ್ವರ್ಣಾ ನದಿಯ ಈಚೆ ಕಲ್ಯಾಣಪುರ. ಅಲ್ಲಿರುವ ಮಿಲಾಗ್ರಿಸ್ ಚರ್ಚು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಹುಟ್ಟಿದಾಗ ಅದರ ಕೆಥೆಡ್ರಲ್ ಆಯಿತು. ಸೇತುವೆ ದಾಟಿ ಮುಂದೆ ಹೋದರೆ ಬ್ರಹ್ಮಾವರ. ಅಲ್ಲಿ ಸೇಂಟ್ ಮೇರೀಸ್ ಸಿರಿಯನ್ ಎಂಬ ಹೆಸರು ಹೊತ್ತ ಕಾಲೇಜು, ಅದೇ ಹೆಸರಿನ ಆರ್ಥೊಡಾಕ್ಸ್ ಕೆಥೆಡ್ರಲ್. ಸಿರಿಯನ್ ಎಂದರೆ ಕೇರಳದವರಿರಬೇಕು ಎಂದುಕೊಂಡು ಒಳಗೆ ಹೋದವರಿಗೆ ಸಿಗುವವರು ಡಿಸೋಜ, ನೊರೊನ್ಹಾ, ಲೂವಿಸ್ ಮನೆತನದವರು, ಮನೆಯ ಮಾತು ಕೊಂಕಣಿ. ಹೊಳೆಯಾಚೆಯ ಕಲ್ಯಾಣಪುರದಲ್ಲೂ ಇವೇ ಹೆಸರು, ಇದೇ ಮಾತು.

ಇವರನ್ನು ಬೇರೆ ಮಾಡಿದ್ದು ನಂಬಿಕೆಯ ವಿಷಯವಲ್ಲ, ಯಾವ ಧರ್ಮಾಧ್ಯಕ್ಷರ ಮಾತು ಕೇಳಬೇಕೆಂಬ ವಿಷಯ. ಪೋರ್ಚುಗಲ್ ದೊರೆಗೆ ಪೂರ್ವದೇಶದ ಚರ್ಚುಗಳ ಮೇಲೆ ಪದ್ರುವಾದೋ ಎಂಬ ಪೋಷಕ ಹಕ್ಕಿತ್ತು. ಕೆನರಾದ ಹಲವು ಚರ್ಚುಗಳು ಅದರಡಿ ಗೋವಾಕ್ಕೆ ಸೇರಿದ್ದವು, ಉಳಿದವು ನೇರ ರೋಮಿಗೆ. 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ ಈ ಹಕ್ಕಿನ ಗಡಿ ಕಿರಿದಾಯಿತು, ಇಲ್ಲಿನ ಗೋವಾ ಚರ್ಚುಗಳು ಮಂಗಳೂರಿನ ಹೊಸ ಧರ್ಮಪ್ರಾಂತ್ಯದ ಪಾಲಾದವು. ತಲೆಮಾರುಗಳಿಂದ ಗೋವಾ ಪಾದ್ರಿಗಳನ್ನೇ ಕಂಡ ಜನಕ್ಕೆ, ಒಂದು ಬೆಳಗ್ಗೆ ನಿಮ್ಮ ಒಡೆಯರು ಬದಲಾದರು ಎಂದರೆ ಹೇಗಿರಬೇಡ?

ಗೋವಾದ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಫಾದರ್ ಅಂತೋನಿಯೊ ಫ್ರಾನ್ಸಿಸ್ಕೊ ಝೇವಿಯರ್ ಆಲ್ವಾರಿಸ್ ಪತ್ರಿಕೆ ನಡೆಸಿ ಅಧಿಕಾರಸ್ಥರನ್ನು ಎದುರು ಹಾಕಿಕೊಂಡ ಮನುಷ್ಯ. ಅವರು ಕೊಟ್ಟಾಯಂಗೆ ಹೋಗಿ, 1889ರ ಜುಲೈ 28ರಂದು ಹಳೇ ಸೆಮಿನರಿಯಲ್ಲಿ ಮಲಂಕರ ಸಿರಿಯನ್ ಧರ್ಮಾಧ್ಯಕ್ಷರ ಕೈಯಿಂದ ದೀಕ್ಷೆ ಪಡೆದು ಆಲ್ವಾರಿಸ್ ಮಾರ್ ಜೂಲಿಯಸ್ ಆದರು. ದೀಕ್ಷೆ ಕೊಟ್ಟವರಲ್ಲಿ ಈಗ ಸಂತರೆಂದು ಪೂಜೆಗೊಳ್ಳುವ ಪರುಮಲದ ಮಾರ್ ಗ್ರೆಗೊರಿಯೋಸರೂ ಇದ್ದರು. ಒಡೆಯರು ಬದಲಾದದ್ದನ್ನು ಒಪ್ಪದ ಬ್ರಹ್ಮಾವರದವರು ಆಲ್ವಾರಿಸರ ಹಿಂದೆ ಹೋದರು, ಅಲ್ಲಿ ಅವರ ಬಲಗೈಯಾಗಿ ನಿಂತವರು ಫಾದರ್ ರೋಕ್ ಜೆಫ್ರಿನ್ ನೊರೊನ್ಹಾ. 1936ರಲ್ಲಿ ತೀರಿಕೊಳ್ಳುವವರೆಗೂ ಆ ಜನರನ್ನು ಬಿಟ್ಟು ಕದಲಲಿಲ್ಲ. ಗೋವಾದ ಪೋರ್ಚುಗೀಸ್ ಸರ್ಕಾರ ಆಲ್ವಾರಿಸರನ್ನು ಹಿಡಿದು, ಮೈಮೇಲಿನ ಧರ್ಮಾಧ್ಯಕ್ಷರ ಉಡುಪನ್ನು ಕಿತ್ತು ಅವಮಾನಿಸಿತು. ಅವರು ಬಡವರ ಸೇವೆಯಲ್ಲೇ ಉಳಿದು 1923ರಲ್ಲಿ ರಿಬಂದರಿನಲ್ಲಿ ಸತ್ತರು. ಇನ್ನೊಂದು ಸ್ವಾರಸ್ಯ ಇಲ್ಲಿದೆ. 1892ರಲ್ಲಿ ಕೊಲಂಬೊದಲ್ಲಿ ಇವರು ಜೋಸೆಫ್ ರೆನೆ ವಿಲಾಟ್ ಎಂಬವನಿಗೆ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟರು. ಅವನು ಅಮೆರಿಕಕ್ಕೆ ಮರಳಿ ತಾನೂ ದೀಕ್ಷೆ ಕೊಡುತ್ತಾ ಹೋದ. ಅಮೆರಿಕ, ಯುರೋಪಿನ ಎಷ್ಟೋ ‘ಸ್ವತಂತ್ರ ಕ್ಯಾಥೊಲಿಕ್’ ಧರ್ಮಾಧ್ಯಕ್ಷರ ವಂಶಾವಳಿ ಹಿಂದಕ್ಕೆ ಹಿಡಿದುಕೊಂಡು ಬಂದರೆ ಬ್ರಹ್ಮಾವರದವರ ಧರ್ಮಾಧ್ಯಕ್ಷರ ಹತ್ತಿರ ಬಂದು ನಿಲ್ಲುತ್ತದೆ.

ಹೊರಬಂದ ಮೇಲೂ ಬ್ರಹ್ಮಾವರದವರು ಬಹುಕಾಲ ಲ್ಯಾಟಿನ್ ವಿಧಿಯನ್ನೇ ನಡೆಸಿಕೊಂಡರು, ಅದಕ್ಕೆ ಅವರಿಗೆ ಒಪ್ಪಿಗೆಯೂ ಇತ್ತು. ಕ್ರಮೇಣ ಸಿರಿಯನ್ ವಿಧಿ ಕೊಂಕಣಿಯಲ್ಲಿ ಬಂತು. 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಚರ್ಚು ಬ್ರಹ್ಮಾವರದ ಹೆಸರಿನಲ್ಲೇ ಧರ್ಮಪ್ರಾಂತ್ಯ ಮಾಡಿತು. ನೂರಿಪ್ಪತ್ತು ವರ್ಷದ ಹಿಂದಿನ ಮುನಿಸಿಗೆ ಆಗ ಒಂದು ಪೂರ್ತಿ ವಿಳಾಸ ಸಿಕ್ಕಿತು.

ಕಲ್ಯಾಣಪುರದ ಕ್ಯಾಥೊಲಿಕ್ ಹುಡುಗ ಬ್ರಹ್ಮಾವರದ ಆರ್ಥೊಡಾಕ್ಸ್ ಹುಡುಗಿಯನ್ನು ಪ್ರೀತಿಸಿದರೆ ಏನಾಗುತ್ತದೆ? ಕಾಗದದ ಮೇಲೆ ಅವಳು ಇನ್ನೊಂದು ಚರ್ಚಿನವಳು, ಎಸ್‌ಎಸ್‌ಪಿಎಕ್ಸ್ ಹುಡುಗಿಗಿಂತ ರೋಮಿನಿಂದ ಎಷ್ಟೋ ದೂರದವಳು. ಆದರೂ ಅವಳ ಹಾದಿಯೇ ಹಗುರ. ಆರ್ಥೊಡಾಕ್ಸರ ಸಂಸ್ಕಾರಗಳನ್ನು ರೋಮ್ ಸಿಂಧು ಎನ್ನುತ್ತದೆ. ಧರ್ಮಾಧ್ಯಕ್ಷರ ಅಪ್ಪಣೆ ಪಡೆದು ಆಗುವ ಮದುವೆಯಂತೂ ಸರಿಯೇ ಸರಿ. ಅಪ್ಪಣೆ ಕೇಳದೆ ಬ್ರಹ್ಮಾವರದ ಚರ್ಚಿನಲ್ಲಿ ಆರ್ಥೊಡಾಕ್ಸ್ ಪಾದ್ರಿಗಳ ಆಶೀರ್ವಾದದಿಂದ ಮದುವೆಯಾದರೂ, ಬೇರೆ ಅಡ್ಡಿಯಿಲ್ಲದಿದ್ದರೆ ಆ ಮದುವೆ ನಿಲ್ಲುತ್ತದೆ. ಹುಡುಗ ನಿಯಮ ಮೀರಿದ ಎನ್ನಬಹುದು, ಮದುವೆಯೇ ಆಗಿಲ್ಲ ಎನ್ನುವಂತಿಲ್ಲ. 1967ರಲ್ಲಿ ಬಂದ ಈ ಸಡಿಲಿಕೆ ಈಗ 1127ನೇ ನಿಯಮದಲ್ಲಿದೆ. ಅದೇ ಹುಡುಗ ಎಸ್‌ಎಸ್‌ಪಿಎಕ್ಸ್ ಹುಡುಗಿಯನ್ನು, ಅದೇ ರೋಮನ್ ವಿಧಿಯಲ್ಲಿ, ಪೋಪರ ಹೆಸರು ಹೇಳಿ ಪ್ರಾರ್ಥಿಸುವ ಪಾದ್ರಿಗಳ ಮುಂದೆ, ಅಪ್ಪಣೆಯಿಲ್ಲದೆ ಮದುವೆಯಾದರೆ ಚರ್ಚಿನ ಲೆಕ್ಕದಲ್ಲಿ ಅವನಿನ್ನೂ ಬ್ರಹ್ಮಚಾರಿ.

ಊರ ಹೊರಗಿನವನು ಹೊಲದ ಬದು ದಾಟಿದರೆ ಮಾತಿನಲ್ಲಿ ಮುಗಿಯುತ್ತದೆ, ಒಡಹುಟ್ಟಿದವನು ದಾಟಿದರೆ ಕೋರ್ಟಿಗೆ ಹೋಗುತ್ತದೆ, ಹಾಗೇ ಇದೂ. ಆರ್ಥೊಡಾಕ್ಸರು ರೋಮಿನ ಕಾನೂನಿಗೆ ಒಳಪಟ್ಟವರಲ್ಲವಾದ್ದರಿಂದ ಅವರ ಮೇಲೆ ಆ ಕಟ್ಟಳೆ ಹೇರುವಂತಿಲ್ಲ. ಎಸ್‌ಎಸ್‌ಪಿಎಕ್ಸ್‌ನವರು ತಾವು ಕ್ಯಾಥೊಲಿಕರೇ ಎನ್ನುತ್ತಾರೆ, ಹಾಗೆಂದ ಮೇಲೆ ಕ್ಯಾಥೊಲಿಕ್ ಕಟ್ಟಳೆ ತಪ್ಪುವುದಿಲ್ಲ. ನ್ಯಾಯವೇನೋ ಹೌದು, ಮದುವೆಯಾಗುವ ಹುಡುಗನಿಗೆ ಅದನ್ನು ವಿವರಿಸುವುದೇ ಕಷ್ಟ. ಸಿರಿಯನ್ನರಲ್ಲೂ ಇಂಥದ್ದೇ ಒಂದು ಸಣ್ಣ ಗೆರೆಯಿದೆ. ಅಂತರಚರ್ಚ್ ಮದುವೆಗಳ ಬಗ್ಗೆ ರೋಮ್ 1994ರಲ್ಲಿ ಒಪ್ಪಂದ ಮಾಡಿಕೊಂಡದ್ದು ಅಂತಿಯೋಕಿಯದ ಪೇಟ್ರಿಯಾರ್ಕರನ್ನು ಅನುಸರಿಸುವ ಯಾಕೋಬಾಯರ ಜೊತೆ. ಬ್ರಹ್ಮಾವರದವರು ಇರುವುದು ಕೊಟ್ಟಾಯಂನ ಕಥೋಲಿಕೋಸರ ಬಣದಲ್ಲಿ.

ಸರ್ಕಾರದ ಕಣ್ಣಿಗೆ ಇದ್ಯಾವುದೂ ಕಾಣುವುದಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಂ ಪ್ರಕಾರ ಧರ್ಮಾಧ್ಯಕ್ಷರಿಂದ ದೀಕ್ಷೆ ಪಡೆದವರು ತಮ್ಮ ಚರ್ಚಿನ ನಿಯಮದಂತೆ ಮದುವೆ ನಡೆಸಬಹುದು. ಪೋಪರ ಅಪ್ಪಣೆ ಇದೆಯೇ ಎಂದು ಕಾಯ್ದೆ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ‘ತಮ್ಮ ಚರ್ಚಿನ ನಿಯಮ’ ಯಾವುದು ಎಂದು ಯಾರಾದರೂ ತಕರಾರು ತೆಗೆದರೆ ವಕೀಲರಿಗೆ ಕೆಲಸ ಸಿಕ್ಕಂತೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮೂವತ್ತು ದಿನದ ನೋಟಿಸ್ ಕೊಟ್ಟು ನೋಂದಣಿ ಮಾಡಿಸಿದರೆ ಸರ್ಕಾರದ ಮಟ್ಟಿಗೆ ಗೊಂದಲವಿಲ್ಲ. ಚರ್ಚು ಮಾತ್ರ ಅದೊಂದನ್ನೇ ಮದುವೆ ಎನ್ನುವುದಿಲ್ಲ. ಉಲ್ಟಾ ಪೇಚೂ ಇದೆ. ಚರ್ಚಿನ ನ್ಯಾಯಮಂಡಳಿ ಅಸಿಂಧು ಎಂದ ಮದುವೆಯನ್ನು ದೇಶದ ಕಾನೂನೂ ಅಸಿಂಧು ಎನ್ನಬೇಕೆಂದು ಕರ್ನಾಟಕದ ವಕೀಲ ಕ್ಲಾರೆನ್ಸ್ ಪಾಯ್ಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಕೋರ್ಟು ಒಪ್ಪಲಿಲ್ಲ. ಚರ್ಚು ಮದುವೆಯೇ ಅಲ್ಲ ಎಂದದ್ದಕ್ಕೂ ಸರ್ಕಾರದ ಲೆಕ್ಕದಲ್ಲಿ ವಿಚ್ಛೇದನ ಬೇಕು ಎಂದಾಯಿತು.

ಕಾನೂನಿನ ತೊಡಕನ್ನು ಒಬ್ಬ ಒಳ್ಳೆಯ ಫಾದರ್, ಒಬ್ಬ ಒಳ್ಳೆಯ ವಕೀಲರು ಬಿಡಿಸಿಕೊಡಬಹುದು. ವಾರವಾರ ಎದುರಾಗುವುದು ಭಾನುವಾರ. ಹೊಸ ವಿಧಿಯ ಪೂಜೆಗೆ ಹೋಗಬೇಡಿ ಎಂದೇ ಸೊಸೈಟಿಯ ಪಾದ್ರಿಗಳು ತಮ್ಮವರಿಗೆ ಹೇಳುತ್ತಾರೆ. ಅದರಲ್ಲೂ ಕರ್ನಾಟಕದ ಪೂಜೆ ಅವರಿಗೆ ಇನ್ನೊಂದು ಹೆಜ್ಜೆ ಆಚೆಯದು. 1969ರ ಏಪ್ರಿಲ್‌ನಲ್ಲಿ ಭಾರತದ ಪೂಜೆಗೆ ರೋಮ್ ಹನ್ನೆರಡು ಬದಲಾವಣೆ ಒಪ್ಪಿತು. ಆರತಿ, ಪಂಚಾಂಗ ಪ್ರಣಾಮ, ಕೈಮುಗಿದು ಶಾಂತಿ ಹೇಳುವುದು, ಮೇಣದ ಬತ್ತಿಯ ಜಾಗಕ್ಕೆ ಎಣ್ಣೆ ದೀಪ, ನೆಲದ ಮೇಲೆ ಕೂರುವುದು, ಎಲ್ಲ ಅದರಲ್ಲಿದ್ದವು. ಇದರ ಹಿಂದಿದ್ದ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ಕೆಲಸ ಮಾಡಿದ್ದು ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರದಲ್ಲಿ (ಎನ್‌ಬಿಸಿಎಲ್‌ಸಿ), ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಂತೂ ಜೆಸ್ವಿಟರು ಕಾವಿ ತೊಟ್ಟು, ಮಾಂಸ ಬಿಟ್ಟು, ವಿರಕ್ತ ಮಠದ ರೀತಿಯಲ್ಲೇ ಮಠ ನಡೆಸಿದರು. ಉತ್ತರ ಕರ್ನಾಟಕದ ಕ್ಯಾಥೊಲಿಕ್ ಹುಡುಗನಿಗೆ ಪೀಠದ ಮುಂದೆ ಆರತಿ ಬೆಳಗುವುದು ಬಾಲ್ಯದಿಂದ ಕಂಡ ಭಕ್ತಿ. ಅವನ ಹುಡುಗಿಗೆ ಅದೇ ಆರತಿ, ಚರ್ಚು ದಾರಿ ತಪ್ಪಿತೆಂಬುದಕ್ಕೆ ಸಾಕ್ಷಿ. ಅವಳ ಲ್ಯಾಟಿನ್ ಹಾಡು ಅವನ ಅಜ್ಜಿಗೆ ಹೊಸದಲ್ಲ, ಚಿಕ್ಕಂದಿನಲ್ಲಿ ಅಜ್ಜಿ ಕೇಳಿದ್ದೂ ಅದನ್ನೇ. ಅತ್ತೆಗಿಂತ ಅಜ್ಜಿಯ ಜೊತೆ ಸೊಸೆಗೆ ಬೇಗ ಹೊಂದಿಕೆಯಾದರೆ ಆಶ್ಚರ್ಯಪಡಬೇಕಿಲ್ಲ.

ಮದುವೆಯ ಉದ್ದೇಶವಿಲ್ಲದೆ ಸುಮ್ಮನೆ ಓಡಾಡಿಕೊಂಡಿರುವುದನ್ನು ಸೊಸೈಟಿಯವರು ಒಪ್ಪುವುದಿಲ್ಲ. ಬೆಂಗಳೂರಿನ ಹುಡುಗರಿಗೆ ಇದು ವಿಚಿತ್ರ ಎನಿಸಬಹುದು, ಕಲಬುರಗಿಯ ಮನೆಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನನಗೆ ಇದರಲ್ಲಿ ಒಂದು ಅನುಕೂಲವೇ ಕಾಣುತ್ತದೆ: ಕಠಿಣ ಪ್ರಶ್ನೆಗಳು ಬೇಗ ಮೇಲೆ ಬರುತ್ತವೆ. ಮಕ್ಕಳಿಗೆ ಸ್ನಾನದೀಕ್ಷೆ ಎಲ್ಲಿ, ಧರ್ಮೋಪದೇಶ ಯಾರಿಂದ, ತಂಗಿಯ ಮದುವೆ ಪೂಜೆಗೆ ನೀನು ಬರುತ್ತೀಯೋ ಬಾಗಿಲಲ್ಲಿ ನಿಲ್ಲುತ್ತೀಯೋ? ಇವನ್ನು ಕೇಳದೆ ಕಲ್ಯಾಣಮಂಟಪ ಬುಕ್ ಮಾಡಿದವರು ಆಮೇಲೆ ಪರದಾಡುತ್ತಾರೆ. ಅವಳನ್ನು ತಿದ್ದುತ್ತೇನೆ ಎಂದು ಹೊರಟ ಹುಡುಗ, ಅವನನ್ನು ಉದ್ಧರಿಸುತ್ತೇನೆ ಎಂದು ಹೊರಟ ಹುಡುಗಿ, ಇಬ್ಬರಿಗೂ ಸಿಗುವುದು ಜಗಳವೇ.

ಕೆಲಸದ ಮಾತಿಗೆ ಬಂದರೆ, ಮದುವೆಗೆ ಆರು ತಿಂಗಳು ಮುಂಚೆಯೇ ಹುಡುಗ ತನ್ನ ಧರ್ಮಕೇಂದ್ರದ ಗುರುಗಳ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಬೇಕು. ಇಬ್ಬರ ಸ್ನಾನದೀಕ್ಷೆಯ ಹೊಸ ಪ್ರಮಾಣಪತ್ರ ತರಿಸಬೇಕು. ಹುಡುಗಿಯ ದೀಕ್ಷೆ ಸೊಸೈಟಿಯವರ ಪುಸ್ತಕದಲ್ಲಿ ಮಾತ್ರ ಇದ್ದರೆ ಅದನ್ನೂ ಆಗಲೇ ಹೇಳುವುದು ಒಳ್ಳೆಯದು. ದೀಕ್ಷೆ ಸಿಂಧುವೇ ಹೌದು, ದಾಖಲೆ ಎಲ್ಲಿದೆ ಎಂಬುದಷ್ಟೇ ಪ್ರಶ್ನೆ. ಅಪ್ಪಣೆ ಬಾಯಿಮಾತಿನಲ್ಲಿ ಬೇಡ, ಯಾವ ಗುರುಗಳು, ಯಾವ ದಿನ, ಯಾವ ಚರ್ಚು ಎಂದು ಹೆಸರು ಹಿಡಿದು ಧರ್ಮಾಧ್ಯಕ್ಷರ ಕಚೇರಿಯಿಂದ ಬರೆಸಿಕೊಳ್ಳಬೇಕು. ಮದುವೆಯಾದ ಮೇಲೆ ಅದು ಧರ್ಮಕೇಂದ್ರದ ರಿಜಿಸ್ಟರಿನಲ್ಲಿ ಏರಿತೇ, ಇಬ್ಬರಿಗೂ ದೀಕ್ಷೆಯಾದ ಊರಿಗೆ ಸುದ್ದಿ ಹೋಗಿ ಅಲ್ಲಿನ ಪುಸ್ತಕದಲ್ಲಿ ಅವರವರ ಹೆಸರಿನ ಪಕ್ಕದಲ್ಲಿ ಬರೆದರೇ ಎಂದು ವಿಚಾರಿಸಿಕೊಳ್ಳಬೇಕು. ಸೊಸೈಟಿಯ ಪಾದ್ರಿಗಳು ತಮ್ಮ ಪುಸ್ತಕದಲ್ಲಿ ಬೇರೆಯಾಗಿ ಬರೆದು ಸಹಿ ಮಾಡಿಸಿಕೊಂಡರೆ ತಕರಾರಿಲ್ಲ, ಅದರ ಒಂದು ನಕಲನ್ನೂ ಧರ್ಮಕೇಂದ್ರದ ಫೈಲಿಗೆ ಕೊಟ್ಟು ಬರಬೇಕು.